ಸತ್ತೆವ್ವ ಮಣ್ಣು ಹಂಚಿದ್ದು

ನಿಪ್ಪಾಣಿ ತಾಲೂಕಿನಲ್ಲಿ ಎಲ್ಲರಿಗಿಂತ ಫಲವತ್ತಾದ ಮಣ್ಣು ಯಾರದು ಗೊತ್ತೆ? ನಮ್ಮದು. ಇದು ನನ್ನ ಮಾತಲ್ಲ, ಕಂಪನಿಯ ಮಾತು. ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ, ಕೆಳಗೆ ಶಿಕ್ಕಾ ಒತ್ತಿ ಕೊಟ್ಟಿದ್ದಾರೆ. ಆ ಮಣ್ಣಿನಲ್ಲಿ ಈಗ ಒಂದು ಹುಲ್ಲುಕಡ್ಡಿಯೂ ಏಳುವುದಿಲ್ಲ ಎನ್ನುವುದು ಬೇರೆ ವಿಷಯ.

ನಾನು ನೀಲಮ. ಬೋರಗಾಂವದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಬೆಳಿಗ್ಗೆ ಹೋಗಿ ಕೋಣೆಯ ಕಸ ಗುಡಿಸುವುದೂ ನಾನೇ. ನನ್ನ ಅವ್ವ ಸತ್ತೆವ್ವ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಇಪ್ಪತ್ತಾರು ವರ್ಷ ತಂಬಾಕು ಕುಟ್ಟಿದಳು, ಜರಡಿ ಹಿಡಿದಳು. ಆ ಧೂಳು ಕುಡಿದು ಅವಳ ಮೂಗು ಸತ್ತುಹೋಗಿದೆ. ಅನ್ನ ಹೊತ್ತಿದ್ದೂ ಅವಳಿಗೆ ತಿಳಿಯುವುದಿಲ್ಲ. ಉಗುರುಗಳ ಹಳದಿ ಬಣ್ಣ ಇವತ್ತಿಗೂ ಹೋಗಿಲ್ಲ. ಹಾಗೆ ದುಡಿದು ಅವಳು ಇಪ್ಪತ್ತು ಗುಂಟೆ ಹೊಲ ತೆಗೆದುಕೊಂಡಳು. ನಮ್ಮ ಮನೆತನಕ್ಕೆ ಅದೇ ಮೊದಲ ಹೊಲ. ಅಜ್ಜ, ಮುತ್ತಜ್ಜ ಎಲ್ಲ ಊರವರ ಹೊಲಗಳಲ್ಲಿ ಬೆನ್ನು ಬಗ್ಗಿಸಿದರು. ಸ್ವಂತದ್ದು ಎಂದು ಅವರಿಗಿದ್ದದ್ದು ಆ ಬೆನ್ನು ಮಾತ್ರ.

ಹೊಲ ಇರುವುದು ಭೋಜಕ್ಕೆ ಹೋಗುವ ರಸ್ತೆಯ ಪಕ್ಕ, ಹಳ್ಳದ ದಂಡೆಗೆ, ತಗ್ಗಿನಲ್ಲಿ. ಮೇಲುಗಡೆ ಅಣ್ಣಾಸಾಬನ ಕಬ್ಬು. ಅದಕ್ಕೂ ಮೇಲೆ ಅವನ ತೋಟದ ಮನೆ, ಸುತ್ತ ಗುಲಾಬಿ. ಅಣ್ಣಾಸಾಬ ನಮ್ಮೂರ ಸಾಹುಕಾರ, ಪಂಚಾಯತಿಯಲ್ಲಿ ಅವನು ಕೆಮ್ಮಿದರೆ ಠರಾವು ಪಾಸಾಗುತ್ತದೆ. ನಮ್ಮ ತಗ್ಗಿನಲ್ಲಿ ಮೊದಲು ಕಲ್ಲು, ಜಾಲಿ ಬಿಟ್ಟರೆ ಏನೂ ಇರಲಿಲ್ಲ. ಅವ್ವ ಹನ್ನೊಂದು ವರ್ಷ ಕಲ್ಲು ಆರಿಸಿದಳು. ಮನೆಯಿಂದ ಹೊಲಕ್ಕೆ ಸಗಣಿ ಗೊಬ್ಬರವನ್ನು ತಲೆಯ ಮೇಲೆ ಹೊತ್ತಳು. ಅವಳ ನೆತ್ತಿಯಲ್ಲಿ ಒಂದು ರೂಪಾಯಿ ಅಗಲ ಕೂದಲಿಲ್ಲ. ಬುಟ್ಟಿಯ ಕೆಳಗೆ ಬಟ್ಟೆ ಸುತ್ತಿದ ಸಿಂಬಿ ಇಟ್ಟೂ ಇಟ್ಟೂ ಹೋದದ್ದು. ಮಣ್ಣು ಹದಕ್ಕೆ ಬಂದ ಮೇಲೆ ಒಂದು ಹಿಡಿ ಎತ್ತಿ ಮೂಸುತ್ತಿದ್ದಳು.

"ಬ್ಯಾರೆ ಯಾವ್ದರದೂ ವಾಸ್ನಿ ಬರೂದಿಲ್ಲ ನೋಡವಾ ನನಗ. ಇದರದೊಂದ ಬರತೈತಿ," ಎನ್ನುತ್ತಿದ್ದಳು.

ಹೋದ ವರ್ಷ ಯುಗಾದಿ ಮುಗಿದು ಒಂದು ವಾರವಾಗಿತ್ತು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿದ್ದರಿಂದ ದೊಡ್ಡ ಗಾಡಿಗಳನ್ನೆಲ್ಲ ನಮ್ಮೂರ ರಸ್ತೆಗೆ ತಿರುಗಿಸಿದ್ದರು. ಬೆಳಿಗ್ಗೆ ಹತ್ತಕ್ಕೆ ಆ ಕಂಪನಿಯ ಒಂದು ಟ್ಯಾಂಕರು ಬಂತು. ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಎಮ್ಮೆ ಉಳಿಯಿತು, ಡ್ರೈವರೂ ಉಳಿದ, ಟ್ಯಾಂಕರು ಮಗ್ಗುಲಿಗೆ ಮಲಗಿತು. ಒಳಗಿದ್ದದ್ದು ಕಚ್ಚಾ ಎಣ್ಣೆ. ನೆಲದಿಂದ ತೆಗೆದು ಇನ್ನೂ ಶುದ್ಧ ಮಾಡದ್ದು, ಪೆಟ್ರೋಲು ಡೀಸೆಲ್ಲು ಆಗುವುದಕ್ಕೆ ಮೊದಲಿನದು. ಕಾಕಂಬಿಯಂತೆ ಕಪ್ಪಗೆ, ಗಟ್ಟಿಯಾಗಿ ಹರಿಯತೊಡಗಿತು.

ಊರು ಕೊಡ, ಕ್ಯಾನು, ಸಾರಿನ ಪಾತ್ರೆ ಹಿಡಿದು ಓಡಿ ಬಂತು. ಪುಕ್ಕಟೆ ಸಿಗುವ ಎಣ್ಣೆ ಯಾವ ಎಣ್ಣೆ ಎಂದು ಯಾರು ಕೇಳುತ್ತಾರೆ? ಒಬ್ಬ ಅದನ್ನು ಪಂಪಿನ ಎಂಜಿನ್ನಿಗೆ ಹಾಕಿದ, ಎಂಜಿನ್ನು ಎರಡು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಇನ್ನೊಬ್ಬ ಮೊಣಕಾಲು ನೋವಿಗೆ ತಿಕ್ಕಿಕೊಂಡ. ಮೂರು ದಿನ ಅವನ ಹೆಂಡತಿ ಅವನಿಗೆ ಅಂಗಳದಲ್ಲೇ ಊಟ ಕೊಟ್ಟಳು. ನಾನೂ ನಕ್ಕೆ. ಎಣ್ಣೆ ಅಷ್ಟೊತ್ತಿಗೆ ಅಣ್ಣಾಸಾಬನ ಕಬ್ಬಿನ ಕಡೆ ಹೊರಟಿತ್ತು, ನಮ್ಮ ಕಡೆ ಅಲ್ಲ.

ಅಣ್ಣಾಸಾಬನ ಜೇಸಿಬಿ ಬಂತು. ನಮ್ಮೂರಿಗೆ ಆಂಬುಲೆನ್ಸ್ ಬರಲು ಒಂದು ತಾಸು ಬೇಕು, ಅವನ ಜೇಸಿಬಿಗೆ ಹತ್ತು ನಿಮಿಷ ಸಾಕು. ಕಬ್ಬಿನ ಅಂಚಿಗೆ ಒಡ್ಡು ಏರಿಸಿತು. ಆಮೇಲೆ ಒಡ್ಡಿನ ಗುಂಟ ಒಂದು ಕಾಲುವೆ ತೋಡಿತು. ಕಾಲುವೆಯ ಬಾಯಿ ನಮ್ಮ ಹೊಲಕ್ಕಿತ್ತು.

ಅವ್ವ ಸಲಿಕೆ ಹಿಡಿದು ಓಡಿದಳು.

"ಸಾವ್ಕಾರ್ರ, ಇದೇನ್ ಮಾಡಾಕತ್ತೀರಿ?"

"ನಿಮ್ದು ಹೆಂಗಿದ್ರೂ ತಗ್ಗಿನಾಗ ಐತೆಲ್ಲ ಸತ್ತೆವ್ವಾ. ತಗ್ಗ ಇದ್ದಲ್ಲೆ ಹರಿಬೇಕಲ್ಲ ಅದು?"

"ಅದು ಹರಿಯಾಕತ್ತಿರಲಿಲ್ರಿ. ನೀವು ಹರಸಾಕತ್ತೀರಿ."

"ಏ, ದೂರ ಸರಿ. ಜೇಸಿಬಿ ಬಡದೀತು."

ತಗ್ಗು ಎನ್ನುವಾಗ ಅವನು ಹೊಲವನ್ನು ನೋಡಲಿಲ್ಲ, ಅವ್ವನ ಮುಖ ನೋಡಿದ. ಅವ್ವ ಕಾಲುವೆಯ ಬಾಯಿಗೆ ಮಣ್ಣು ಎಳೆದು ಎಳೆದು ಹಾಕಿದಳು. ಎಣ್ಣೆ ಮಣ್ಣನ್ನು ನುಂಗಿ ಮುಂದೆ ಬಂತು. ಅವಳ ಪಾದ ಮುಳುಗಿತು, ಕಾಲು ಜಾರಿತು. ಅಂಗಾತ ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ದಂಡೆಯ ಮೇಲೆ ಕ್ಯಾನು ಹಿಡಿದು ನಿಂತವರು ನಕ್ಕರು. ನಾನು ಅವಳ ರೆಟ್ಟೆ ಹಿಡಿದು ಎಳೆದರೆ ಕೈಯೇ ಜಾರುತ್ತಿತ್ತು. ಆ ಸಂಜೆ ಸೀಮೆಎಣ್ಣೆ ಹಚ್ಚಿ, ಬಟ್ಟೆ ಸಾಬೂನು ಹಚ್ಚಿ ಅವಳ ಕಾಲು ತಿಕ್ಕಿದೆ. ಎಂಟು ದಿನಕ್ಕೆ ಅಂಗಾಲಿನ ಚರ್ಮ ಎದ್ದು ಬಂತು. ನಾನು ಅಣ್ಣಾಸಾಬನನ್ನು ಬೈಯುತ್ತಿದ್ದೆ. ಅವ್ವ ಮಾತ್ರ, "ಇರ್ಲಿ ಬಿಡವಾ, ಹ್ವಾದ ವರ್ಷದ ಅಂಗಾಲಿನ ಆಣಿನೂ ಇದ್ರ ಜೋಡಿ ಹೋತು," ಎಂದು ಅಂಗಾಲು ತಿರುಗಿಸಿ ನೋಡಿಕೊಂಡಳು.

ಊರಿನ ಜಮೀನಿನ ಲೆಕ್ಕ ಬರೆಯುವ ತಲಾಠಿ ಬಂದು ಪಂಚನಾಮೆ ಬರೆದ. ಐದು ಜನ ಪಂಚರು, ಐವರೂ ಅಣ್ಣಾಸಾಬನ ಕಟ್ಟೆಯವರು. "ಎಣ್ಣೆಯು ಇಳಿಜಾರಿನ ಕಾರಣ ತಾನಾಗಿಯೇ ಹರಿದು ಕೆಳಗಿನ ಹೊಲ ಸೇರಿರುತ್ತದೆ" ಎಂದು ಬರೆಯಲಾಯಿತು. ಮರುದಿನ ಅದೇ ಜೇಸಿಬಿ ಬಂದು ಕಾಲುವೆ ಮುಚ್ಚಿತು.

ನಮ್ಮ ಹೊಲಕ್ಕೆ ಪ್ರತಿ ಬೇಸಿಗೆಗೆ ಮಲಕಾರಿ ಕಾಕಾ ಹಟ್ಟಿ ಹಾಕುತ್ತಾನೆ. ಕಾಕಾ ಕುರಿ ಕಾಯುವವನು, ನಮ್ಮ ಅಪ್ಪನ ಗೆಳೆಯ. ಹಟ್ಟಿ ಎಂದರೆ ಸುಗ್ಗಿ ಮುಗಿದ ಹೊಲದಲ್ಲಿ ಎರಡು ದಿನ ಕುರಿಗಳನ್ನು ತರುಬುವುದು. ಕುರಿ ಮಲಗಿದಲ್ಲಿ ಹಿಕ್ಕೆ, ಉಚ್ಚೆ ಬಿದ್ದು ಹೊಲ ಸೊಕ್ಕುತ್ತದೆ. ಆ ವರ್ಷವೂ ಕಾಕಾ ನೂರಿಪ್ಪತ್ತು ಕುರಿ ಹೊಡೆದುಕೊಂಡು ಸಂಜೆಗೆ ಬಂದ. "ಎಣ್ಣಿ ಬಿದ್ರೇನಾತು, ನಮ್ಮ ಕುರಿ ಹಿಕ್ಕಿ ಹಾಕಿದ್ರ ಎಲ್ಲಾ ತಿಂದ ಹಾಕ್ತಾವು," ಎಂದ.

ಕುರಿಗಳು ಬದುವಿನ ಮೇಲೆ ನಿಂತವು. ಕೆಳಗೆ ಇಳಿಯಲಿಲ್ಲ. ಕಾಕಾ ದೊಡ್ಡ ಟಗರಿನ ಕೊರಳಿಗೆ ಕೈ ಹಾಕಿ ಇಳಿಸಿದ, ಬೆನ್ನು ಒತ್ತಿ ಕೂಡಿಸಲು ನೋಡಿದ. ಟಗರು ಸೀನಿತು. ಆಮೇಲೆ ಅದರ ಹಿಂದಿನದು ಸೀನಿತು. ಆಮೇಲೆ ನೂರಿಪ್ಪತ್ತೂ ಸೀನಿದವು. ಟಗರು ಕೊಸರಿಕೊಂಡು ತಿರುಗಿ ಓಡಿತು, ಉಳಿದವು ಅದರ ಬಾಲ ಹಿಡಿದು ಓಡಿದವು. ಕಬ್ಬಿನ ನಡುವಿನ ದಾರಿ ಹತ್ತಿ, ಅಣ್ಣಾಸಾಬನ ತೋಟದ ಮನೆಯ ಗೇಟು ದಾಟಿ, ಗುಲಾಬಿಯ ಪಕ್ಕದ ಹಸಿರು ಹುಲ್ಲಿನ ಮೇಲೆ ನೆಮ್ಮದಿಯಾಗಿ ಕೂತವು.

ಅಣ್ಣಾಸಾಬ ಕುಣಿದಾಡಿದ.

"ಯಾರ್ ಕಳಸಿದ್ರೋ ಇವನ್ನ ಇಲ್ಲಿ?"

"ನಾ ಕಳಸಿಲ್ರಿ ಧನಿ. ಇಳಿಜಾರ ಇತ್ತು, ತಾವ ಹರದು ಬಂದಾವು," ಎಂದ ಮಲಕಾರಿ ಕಾಕಾ.

"ಇದು ಏರು ಐತಲ್ಲೋ!"

"ಹೌದ್ರ್ಯಾ? ಕುರಿಗೆ ಪಂಚನಾಮಿ ಓದಾಕ ಬರೂದಿಲ್ರಿ."

ಊರು ಎರಡು ದಿನ ನಕ್ಕಿತು. ಆದರೆ ಕಾಕಾ ನಗಲಿಲ್ಲ. ಮನೆಗೆ ಬಂದು ಚಹಾ ಕುಡಿಯುತ್ತ, "ಸತ್ತೆವ್ವಾ, ಕುರಿ ಕುಂದರಲಿಲ್ಲ. ನಿನ್ನ ಹೊಲ ಸತ್ತೈತವಾ," ಎಂದ. ಅವ್ವ ಅಂದು ರೊಟ್ಟಿ ಬಡಿಯಲಿಲ್ಲ. ಒಲೆಯನ್ನೇ ಹಚ್ಚಲಿಲ್ಲ. ನಾನು ಅವಳನ್ನು ಹಾಗೆ ಎಂದೂ ನೋಡಿರಲಿಲ್ಲ.

ನಾನು ವಿಜ್ಞಾನದವಳು, ಕುರಿಯ ಮಾತನ್ನೂ ಪರೀಕ್ಷೆ ಮಾಡಿ ನೋಡಬೇಕಲ್ಲ. ಹೊಲದಿಂದ ಒಂದು ತಟ್ಟೆ ಮಣ್ಣು ತಂದು ಶಾಲೆಯ ಮೇಜಿನ ಮೇಲಿಟ್ಟು ನೀರು ಹನಿಸಿದೆ. ನೀರು ಇಂಗಲಿಲ್ಲ, ಕೆಸುವಿನೆಲೆಯ ಮೇಲಿದ್ದಂತೆ ಗುಂಡಗೆ ನಿಂತಿತು. ಎಣ್ಣೆ ಮಣ್ಣಿನ ಕಾಳು ಕಾಳಿಗೂ ಅಂಗಿ ಹೊಲಿದು ಹಾಕಿತ್ತು. ನೀರು ಒಳಗೆ ಹೋಗದು, ಗಾಳಿಯೂ ಹೋಗದು, ಬೇರು ಉಸಿರಾಡುವುದೆಲ್ಲಿ? ಎರಡು ಡಬ್ಬಿಯಲ್ಲಿ ಮೆಂತ್ಯ ಬಿತ್ತಿದೆ. ಒಳ್ಳೆಯ ಮಣ್ಣಿನಲ್ಲಿ ನಾಲ್ಕನೇ ದಿನ ಹಸಿರಾಯಿತು. ನಮ್ಮ ಮಣ್ಣಿನಲ್ಲಿ ನೂರಕ್ಕೆ ಏಳು ಕಾಳು ಮೊಳೆತವು. ಅವೂ ಕಾಮಾಲೆ ಬಂದಂತೆ ಹಳದಿಯಾಗಿ ವಾಲಿದವು.

ಮಕ್ಕಳಿಗೆ ಹೀಗೆ ಹೇಳಿಕೊಟ್ಟೆ: ಮಣ್ಣಿನಲ್ಲಿ ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳಿವೆ. ಎಣ್ಣೆ ಕಂಡರೆ ಅವಕ್ಕೆ ಮದುವೆ ಊಟ. ಎಣ್ಣೆಯ ತುಂಬ ಇಂಗಾಲ, ಆದರೆ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಊಟಕ್ಕೆ ಉಪ್ಪು ಬೇಕಲ್ಲ? ಬೆಳೆಗೆಂದು ಮಣ್ಣಿನಲ್ಲಿದ್ದ ಸಾರಜನಕವನ್ನೆಲ್ಲ ಅವೇ ನೆಕ್ಕುತ್ತವೆ. ಪೈರು ಉಪವಾಸ ಬೀಳುತ್ತದೆ. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ, "ಮತ್ತ ಊಟಕ್ಕ ಕರದಾವ್ರು ಯಾರ್ರಿ ಟೀಚರ್?" ಎಂದು ಕೇಳಿದಳು. ಪರೀಕ್ಷೆಯಲ್ಲಿ ಬಾರದ ಪ್ರಶ್ನೆ ಅದು.

ಅವ್ವನಿಗೆ ಬೇಕಾಗಿದ್ದು ಒಂದೇ. ಮೇಲಿನ ಒಂದೂವರೆ ಅಡಿ ಮಣ್ಣು ತೆಗೆದುಕೊಂಡು ಹೋಗಲಿ, ಬೇರೆ ಮಣ್ಣು ತಂದು ಹಾಕಲಿ. ಪರಿಹಾರ, ಸೀರೆ, ಕಂಪನಿಯ ಡಬ್ಬಿಯಲ್ಲಿ ಹಾಕಿದ ಸ್ವೀಟು ಯಾವುದೂ ಬೇಡ. ಮಣ್ಣು ಬೇಕು.

ಕಂಪನಿಯಿಂದ ರೂಪೇಶ ಎನ್ನುವ ಅಧಿಕಾರಿ ಬಂದ. ಪುಣೆಯ ಕಡೆಯ ಹುಡುಗ, ಅರ್ಧ ಮರಾಠಿ ಅರ್ಧ ಕನ್ನಡ. ಅವ್ವನಿಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೊಲಕ್ಕಿಳಿದ. ಅವ್ವ ಬರಿಗಾಲಲ್ಲಿ ಹಿಂದೆ ಹಿಂದೆ ನಡೆದಳು. ಪುಡಿಕೆಯಲ್ಲಿ ಮಣ್ಣು ತುಂಬಿಕೊಂಡು, "ಕಾಳಜಿ ಕರೂ ನಕೋ ಮಾವಶಿ, ಲ್ಯಾಬ್ ರಿಪೋರ್ಟ್ ಬರೂತನಕ ಥಾಂಬಾ, ತಡೀರಿ," ಎಂದು ಹೋದ.

ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಹೊತ್ತಿಗೆ ಪಂಚಾಯತಿಯಲ್ಲಿ ಸಭೆ ಕರೆದರು. ಅಣ್ಣಾಸಾಬ ನಡುಖುರ್ಚಿಯಲ್ಲಿ ಕೂತಿದ್ದ. ನಮಗೆ ಖುರ್ಚಿ ಇರಲಿಲ್ಲ, ಬಾಗಿಲ ಬಳಿ ನಿಂತೆವು. ರೂಪೇಶ ಗೋಡೆಯ ಮೇಲೆ ಚಿತ್ರ ಬಿಟ್ಟ. ಹಸಿರು ಕಂಬಗಳು, ಒಂದು ಮಾತ್ರ ಚಾವಣಿ ಮುಟ್ಟುವಷ್ಟು ಎತ್ತರ.

"ಮಣ್ಣಿನ ಪ್ರಾಣ ಅಂದ್ರ ಸಾವಯವ ಇಂಗಾಲ. ಮುಕ್ಕಾಲು ಪರ್ಸೆಂಟ್ ಇದ್ರ ಭಾರೀ ಚಲೋ ಮಣ್ಣು. ನಮ್ಮ ಮಾವಶಿ ಹೊಲದಾಗ ಎಷ್ಟ ಐತಿ ಗೊತ್ತೈತ್ರೇನು? ಐದೂವರೆ! ತಾಲೂಕಿನಾಗ ನಂಬರ್ ಒನ್! ಅಭಿನಂದನ್ ಮಾವಶಿ!"

ಅಣ್ಣಾಸಾಬ ಮೊದಲು ಚಪ್ಪಾಳೆ ಹೊಡೆದ. ಸಭೆಯೆಲ್ಲ ಹೊಡೆಯಿತು. ಅವ್ವನನ್ನು ಮುಂದೆ ಕರೆದು ಸತ್ಕಾರ ಮಾಡಿದರು. ಶಾಲು ಹೊದಿಸುವ ಮಾನ ಅಣ್ಣಾಸಾಬನಿಗೆ. ಮೈ ಮುಟ್ಟಬಾರದೆಂದು ಅವನು ಎರಡು ಮಾರು ದೂರದಿಂದ ಎಸೆದ. ಶಾಲು ಅವ್ವನ ತಲೆಯ ಮೇಲೆ ಬಿದ್ದು ಮುಖ ಮುಚ್ಚಿತು. ಅವಳು ಅದನ್ನು ತೆಗೆಯುವ ಹೊತ್ತಿಗೆ ಮುಂದೆ ಒಂದು ಕಾಗದ, ಒಂದು ಪೆನ್ನು ಇಟ್ಟಿದ್ದರು.

"ಏನೈತ್ರಿ ಇದರಾಗ?"

"ಏನಿಲ್ಲ ಮಾವಶಿ. ಹೊಲ ಕೆಟ್ಟಿಲ್ಲ, ಸುಧಾರಿಸೇತಿ, ನಮ್ಮದೇನೂ ತಕರಾರಿಲ್ಲ ಅಂತ. ಸಹಿ ಮಾಡಿದ್ರ ಫೈಲ್ ಕ್ಲೋಸ್."

ನನಗೆ ತಡೆಯಲಾಗಲಿಲ್ಲ. "ಸರ್, ಲ್ಯಾಬಿನಾಗ ಮಣ್ಣಿಗೆ ಆಸಿಡ್ ಹಾಕಿ ಇಂಗಾಲ ಎಣಸ್ತಾರು. ಅದು ಸಗಣಿಯಿಂದ ಬಂತೋ ಟ್ಯಾಂಕರಿನಿಂದ ಬಂತೋ ಅಂತ ಆಸಿಡ್ಡಿಗೆ ಗೊತ್ತಾಗೂದಿಲ್ಲ. ನೀವು ಎಣಿಸಿದ್ದು ನಿಮ್ಮ ಎಣ್ಣಿನ. ಸಾರಜನಕ ಎಷ್ಟೈತಿ ತೋರಸ್ರಿ. ನೀರು ಹಾಕಿ ತೋರಸ್ರಿ..."

"ಟೀಚರ್," ಎಂದ ಅಣ್ಣಾಸಾಬ, "ನೀವು ಸಾಲ್ಯಾಗೂ ಅತಿಥಿ, ಇಲ್ಲಿನೂ ಅತಿಥಿ. ಸುಮ್ನ ಕುಂದರ್ರಿ."

ಕೂರುವುದಕ್ಕೆ ಖುರ್ಚಿ ಎಲ್ಲಿತ್ತು? ಸಭೆ ನಕ್ಕಿತು. ಏಳು ವರ್ಷ ಕಲಿತ ವಿಜ್ಞಾನ ಒಂದು ನಗೆಗೆ ಸತ್ತಿತು ಎನಿಸಿತು.

ಅವ್ವ ಪೆನ್ನು ಎತ್ತಿದಳು. ಸಹಿ ಹಾಕಿಯೇ ಬಿಡುತ್ತಾಳೆ ಎಂದುಕೊಂಡೆ. ಅವಳು ಅದರ ಟೊಪ್ಪಿಗೆ ಹಾಕಿ ರೂಪೇಶನ ಜೇಬಿಗೆ ಸಿಗಿಸಿದಳು.

"ಒಲ್ಲೆ," ಎಂದಳು.

"ಯಾಕ ಮಾವಶಿ? ಮಣ್ಣು ಚಲೋ ಆಗೇತಿ ಅಂತ ಲ್ಯಾಬ್..."

"ಖರೇನ ಚಲೋ ಆಗೇತೇನಪಾ?"

"ಶಂಭರ್ ಟಕ್ಕೆ! ನೂರಕ್ಕ ನೂರು!"

"ಸಾವ್ಕಾರ್ರ, ನೀವೂ ಹೇಳ್ರಿ."

"ಬಂಗಾರ ಆಗೇತಿ ಬಿಡು ಸತ್ತೆವ್ವಾ. ನಿನ್ನ ನಸೀಬ ತೆರೀತು," ಎಂದ ಅಣ್ಣಾಸಾಬ.

"ಹಂಗಾರ ಇಷ್ಟ ಚಲೋ ಇದ್ದದ್ದ ನಾ ಒಬ್ಬಾಕೆ ಇಟ್ಕೊಂಡ್ರ ಪಾಪ ಬರತೈತ್ರಿ. ಹಂಚತೀನಿ." ಶಾಲನ್ನು ಮಡಚಿ ಕಾಗದದ ಮೇಲಿಟ್ಟು ಹೊರಗೆ ನಡೆದಳು.

ಇಲ್ಲಿ ಗಿಣ್ಣದ ವಿಷಯ ಹೇಳಬೇಕು. ನಮ್ಮ ಕಡೆ ಎಮ್ಮೆ ಈದರೆ ಮೊದಲ ದಿನಗಳ ಗಟ್ಟಿ ಹಾಲನ್ನು ಬೆಲ್ಲ ಹಾಕಿ ಕಾಸಿ ನೆರೆಯವರಿಗೆಲ್ಲ ಹಂಚುತ್ತಾರೆ. ಅದೇ ಗಿಣ್ಣ. ತೆಗೆದುಕೊಂಡವರು ಪಾತ್ರೆಯನ್ನು ಖಾಲಿ ಕಳಿಸುವಂತಿಲ್ಲ. ಒಂದು ಹಿಡಿ ಕಾಳೋ ಬೆಲ್ಲವೋ ಹಾಕಿ ಕೊಡಬೇಕು. ಖಾಲಿ ಕಳಿಸಿದರೆ ಆ ಮನೆಯ ಹಾಲು ಬತ್ತಲಿ ಎಂದು ಬಯಸಿದ ಹಾಗೆ. ನಾನು ಸಣ್ಣವಳಿದ್ದಾಗ ನಮ್ಮ ಎಮ್ಮೆ ಈದಿತ್ತು. ಅವ್ವ ಅಣ್ಣಾಸಾಬನ ಮನೆಗೂ ಡಬ್ಬಿ ಕಳಿಸಿದಳು, ಹೊಲಕ್ಕೆ ಹೊಲ ಹತ್ತಿದ ನೆರೆ ಎಂದು. ಡಬ್ಬಿಯಲ್ಲಿ ಜೋಳ ಹಾಕಿ ಮರಳಿಸಿದರು. ಗಿಣ್ಣವನ್ನು ಮಾತ್ರ ನಾಯಿಗೆ ಸುರಿದರು, ನಾನು ಕಣ್ಣಾರೆ ಕಂಡೆ. ಅಳುತ್ತ ಬಂದು ಹೇಳಿದರೆ ಅವ್ವ, "ನಾಯಿನೂ ಬಾಳ ದಿನಾ ಆಗಿತ್ತು ಚಲೋ ತಿಂದು," ಎಂದಳು. ಆದರೆ ಆ ಜೋಳವನ್ನು ಅವಳು ಬೀಸಲಿಲ್ಲ, ಗುಬ್ಬಿಗೆ ಚೆಲ್ಲಿದಳು.

ಸಭೆಯಾದ ಮೂರನೇ ದಿನ ಬೆಳಿಗ್ಗೆ ನಾವು ಹೊಲದಲ್ಲಿ ಸೇರಿದೆವು. ಅವ್ವನ ಜೊತೆ ವಖಾರಿಯಲ್ಲಿ ದುಡಿದ ಹೆಂಗಸರು, ಮಲಕಾರಿ ಕಾಕಾ, ನನ್ನ ಅಪ್ಪ ರಾಜಾರಾಮ. ಅಪ್ಪ ಪವರ್‌ಲೂಮಿನಲ್ಲಿ ದುಡಿದು ದುಡಿದು ಕಿವಿ ಕಳೆದುಕೊಂಡವನು. ಏನು ನಡೆದಿದೆ ಎಂದು ಅರ್ಧ ಮಾತ್ರ ಗೊತ್ತಿತ್ತು, ಸಲಿಕೆ ಮಾತ್ರ ಪೂರಾ ಹಿಡಿದಿದ್ದ. ಒಟ್ಟು ಇಪ್ಪತ್ತೊಂದು ಬುಟ್ಟಿ. ಎಣ್ಣೆ ಕುಡಿದ ಮಣ್ಣು ಹಸಿ ಸಿಮೆಂಟಿನಷ್ಟು ಭಾರ. ಬುಟ್ಟಿ ಎತ್ತಿ ತಲೆಯ ಮೇಲಿಟ್ಟರೆ ಕತ್ತು ಭುಜದೊಳಗೆ ಇಳಿಯಿತು. ಕಪ್ಪು ಹನಿ ಸಿಂಬಿಯನ್ನು ನೆನೆಸಿ ಹಣೆಗೆ, ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು. ಕಾಕಾ ಡೊಳ್ಳು ತಂದಿದ್ದ. "ಸುಮ್ನ ಹ್ವಾದ್ರ ಕಳ್ಳರಂಗ ಕಾಣಸ್ತೈತಿ," ಎಂದು ಬಾರಿಸತೊಡಗಿದ. ಹಿಂದೆ ಅವನ ಕುರಿಗಳು. ಏರು ಹತ್ತಿ ತೋಟದ ಮನೆ ಮುಟ್ಟುವ ಹೊತ್ತಿಗೆ ಅರ್ಧ ಊರು ಜೊತೆಗಿತ್ತು. ಎಲ್ಲರ ಕೈಯಲ್ಲೂ ಮೊಬೈಲು.

ಗೇಟು ತೆರೆದವಳು ಅಣ್ಣಾಸಾಬನ ಹೆಂಡತಿ ಅನುಸೂಯಾಬಾಯಿ. ಪಾಪ, ಒಳ್ಳೆಯ ಹೆಂಗಸು. ಮೂವತ್ತು ವರ್ಷದಿಂದ ಅವಳ ಮಾತನ್ನು ಆ ಮನೆಯಲ್ಲಿ ಗುಲಾಬಿಗಳು ಮಾತ್ರ ಕೇಳುತ್ತವೆ.

"ಏನ ಸತ್ತೆವ್ವಾ, ಏನಿದು ಡೊಳ್ಳು?"

"ನಮ್ಮ ಹೊಲಾ ಈದೈತ್ರಿ ಬಾಯಾರ. ಗಿಣ್ಣಾ ತಂದೇವಿ."

ಅನುಸೂಯಾಬಾಯಿಗೆ ಏನು ತಿಳಿಯಿತೋ ಏನು ಬಿಟ್ಟಿತೋ. ಡೊಳ್ಳು, ಜನ, ತುಂಬಿದ ಬುಟ್ಟಿ ಎಲ್ಲ ಕಂಡು ರೂಢಿಯಂತೆ ಎರಡೂ ಕೈ ಚಾಚಿದಳು. ಅವ್ವ ಬುಟ್ಟಿ ಇಳಿಸಿದಳು, ಇಬ್ಬರೂ ಹಿಡಿದು ಗುಲಾಬಿಯ ಬುಡಕ್ಕೆ ಸುರಿದರು. ಬುಟ್ಟಿ ಖಾಲಿಯಾದದ್ದೇ ಅನುಸೂಯಾಬಾಯಿ ಅತ್ತಿತ್ತ ನೋಡಿದಳು. ಕಾಳು ತರಲು ಒಳಗೆ ಹೋಗುವಷ್ಟು ಹೊತ್ತಿರಲಿಲ್ಲ. ಕೂತಳು, ಗುಲಾಬಿಯ ಪಾತಿಯ ಒಳ್ಳೆಯ ಮಣ್ಣನ್ನು ಬೊಗಸೆ ಬೊಗಸೆ ತೋಡಿ ಬುಟ್ಟಿಗೆ ತುಂಬಿದಳು. ಹಸಿ ಮಣ್ಣು, ಎರೆಹುಳು ಸಮೇತ. ಬುಟ್ಟಿ ಎತ್ತಿ ಕೊಡುವಾಗ ಅವಳ ಕೈ ಅವ್ವನ ಕೈಗೆ ತಾಗಿತು. ಅವಳು ಹಿಂದೆ ಎಳೆದುಕೊಳ್ಳಲಿಲ್ಲ. ಅವ್ವ ಬುಟ್ಟಿಯನ್ನು ಮೂಗಿನ ಹತ್ತಿರ ತಂದು ಮೂಸಿದಳು.

"ವಾಸ್ನಿ ಬಂತು," ಎಂದಳು ನನ್ನ ಕಡೆ ತಿರುಗಿ. ಅವಳ ಕಣ್ಣಿನಲ್ಲಿ ನೀರಿತ್ತು, ನನ್ನ ಕಣ್ಣಿನಲ್ಲೂ ಇತ್ತು. ಎಣ್ಣೆ ಬಿದ್ದು ಉರಿಯುತ್ತಿದೆ ಎಂದುಕೊಂಡೆವು ಇಬ್ಬರೂ.

ಉಳಿದ ಹೆಂಗಸರು ತಮ್ಮ ತಮ್ಮ ಬುಟ್ಟಿ ಸುರಿದು ಮುಗಿಸುವಷ್ಟರಲ್ಲಿ ಅಣ್ಣಾಸಾಬ ಓಡಿ ಬಂದ. ಸೊಂಟಕ್ಕೆ ಟವೆಲು, ಅರ್ಧ ಗಲ್ಲಕ್ಕೆ ಸಾಬೂನಿನ ನೊರೆ.

"ಏ! ಬಂದ ಮಾಡ್ರಿ! ಆ ಮಣ್ಣ ಹಾಕಿದ್ರ ಗುಲಾಬಿ ಸುಟ್ಟ ಹೋಗ್ತಾವು!"

ಡೊಳ್ಳು ನಿಂತಿತು.

"ಬಂಗಾರ ಆಗೇತಿ ಅಂದ್ರೆಲ್ರಿ ಸಾವ್ಕಾರ್ರ?" ಎಂದಳು ಅವ್ವ. "ಎಲ್ಲಾರಕಿಂತ ಮೊದಲ ನೀವ ಚಪ್ಪಾಳಿ ಹೊಡದ್ರಿ."

"ಚಪ್ಪಾಳಿ ಬ್ಯಾರೆ, ತ್ವಾಟ ಬ್ಯಾರೆ! ವಿಷ ಐತಿ ಅದು, ವಿಷ!"

"ಇನ್ನೊಮ್ಮಿ ಅನ್ರಿ. ಈ ಹುಡುಗೂರ ಮೊಬೈಲಿನಾಗ ಸರಿ ಕೇಳಿಸಿರಾಕಿಲ್ಲ."

ಅವನು ಇನ್ನೊಮ್ಮೆ ಅಂದ. ಇನ್ನೂ ಜೋರಾಗಿ ಅಂದ. ಖಾಲಿ ಬುಟ್ಟಿಗಳನ್ನು ಒಂದೊಂದಾಗಿ ಗೇಟಿನ ಹೊರಗೆ ಒದ್ದ. ಇಪ್ಪತ್ತು ಬುಟ್ಟಿ ರಸ್ತೆಯ ಮೇಲೆ ಉರುಳಿದವು. ಅಷ್ಟರಲ್ಲಿ ಟಗರು ಟವೆಲಿನ ಅಂಚು ಜಗಿಯತೊಡಗಿತ್ತು, ಆ ಕಥೆ ಇಲ್ಲಿ ಬೇಡ.

ಹದಿನೈದು ದಿನಕ್ಕೆ ಗುಲಾಬಿ ಬಾಡಿದವು, ಅವನು ಪೊಲೀಸು ಠಾಣೆಗೆ ಹೋದ. ಮೂರು ಪುಟದ ತಕರಾರು ಅರ್ಜಿ. ಸತ್ತೆವ್ವ ಮತ್ತು ಇತರರು "ಭೂಮಿಯ ಸತ್ವವನ್ನು ನಾಶ ಮಾಡುವ ವಿಷಕಾರಿ ಎಣ್ಣೆಮಣ್ಣನ್ನು" ತನ್ನ ತೋಟಕ್ಕೆ ಸುರಿದಿದ್ದಾರೆ, ಗಿಡಗಳು ಒಣಗಿವೆ, ನೀರು ಇಂಗುತ್ತಿಲ್ಲ, ಆ ಮಣ್ಣನ್ನು ತೆಗೆಸಿ ಹೊಸ ಮಣ್ಣು ಹಾಕಿಸಬೇಕು. ಜೊತೆಗೆ ಬೇರೊಂದು ಲ್ಯಾಬಿನ ವರದಿ. ಅದರಲ್ಲಿ ಎಣ್ಣೆ ಎಷ್ಟಿದೆ, ಸಾರಜನಕ ಹೇಗೆ ಬತ್ತಿದೆ, ಎಲ್ಲವೂ ಇತ್ತು. ಸಾರ್ವಜನಿಕ ಉಪದ್ರವವೆಂದು ಅರ್ಜಿ ಚಿಕ್ಕೋಡಿಯ ಪ್ರಾಂತ ಸಾಹೇಬರ, ಅಂದರೆ ಉಪವಿಭಾಗಾಧಿಕಾರಿಯ, ಕಚೇರಿಗೆ ಹೋಯಿತು. ನಮಗೆ ನೋಟಿಸು, ಜೊತೆಗೆ ಅರ್ಜಿಯ ನಕಲು. ನಾನು ಅದನ್ನು ಅವ್ವನಿಗೆ ಓದಿ ಹೇಳಿದೆ. ಸಭೆಯಲ್ಲಿ ನನಗೆ ಹೇಳಗೊಡದ ಮಾತೆಲ್ಲ ಅಲ್ಲಿತ್ತು, ನನಗಿಂತ ಚೆನ್ನಾಗಿ ಇತ್ತು. ಕೆಳಗೆ ಅಣ್ಣಾಸಾಬನ ಸಹಿ.

"ಎಷ್ಟ್ ಚಲೋ ಬರದಾರವಾ," ಎಂದಳು ಅವ್ವ. "ಇನ್ನೊಮ್ಮಿ ಓದು."

ರೂಪೇಶ ಪುಣೆಯಿಂದ ಓಡಿ ಬಂದ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಅಣ್ಣಾಸಾಬನಿಗೆ ಕೈ ಮುಗಿದನಂತೆ. ಅಣ್ಣಾಸಾಬ, "ಆ ಮಂದಿ ಮುಂದ ನಾ ಹಿಂದ ಸರೀಲೇನು?" ಎಂದನಂತೆ. ಅವನ ಜಾತಿಯ ಸೊಕ್ಕು ನಮಗೆ ಉಪಕಾರ ಮಾಡಿದ್ದು ಅದೇ ಮೊದಲು.

ವಿಚಾರಣೆಯ ದಿನ ಚಿಕ್ಕೋಡಿಗೆ ಬಸ್ಸಿನಲ್ಲಿ ಹೋದೆವು. ಅವ್ವ ಇಪ್ಪತ್ತು ಖಾಲಿ ಬುಟ್ಟಿ ಒಂದರೊಳಗೊಂದು ಇಟ್ಟು ತಂದಿದ್ದಳು. ಕಂಡಕ್ಟರು ಬುಟ್ಟಿಗೂ ಟಿಕೆಟು ತೆಗೆಸಬೇಕು ಎಂದ. "ಸಾಕ್ಷಿ ಅದಾವಪಾ ಅವು," ಎಂದು ಅವ್ವ ತೊಡೆಯ ಮೇಲಿಟ್ಟುಕೊಂಡಳು.

ಪ್ರಾಂತ ಸಾಹೇಬರು ಕನ್ನಡಕದವರು, ಕಡಿಮೆ ಮಾತಿನವರು. ಅಣ್ಣಾಸಾಬನ ವಕೀಲ ಅರ್ಧ ತಾಸು ಮಾತಾಡಿದ. ಆ ಮಣ್ಣಿನಲ್ಲಿ ಹತ್ತು ವರ್ಷ ಏನೂ ಬೆಳೆಯುವುದಿಲ್ಲ ಎಂದ. ಅವ್ವ ತಲೆಯಾಡಿಸಿದಳು. ಎರೆಹುಳು ಸಾಯುತ್ತದೆ ಎಂದ. "ಹೌದ್ರಿ," ಎಂದಳು. ಇಂಥ ಮಣ್ಣು ಇನ್ನೊಬ್ಬರ ನೆಲಕ್ಕೆ ಹಾಕುವುದು ಘೋರ ಅಪರಾಧ ಎಂದ. "ಬರೋಬ್ಬರಿ ಅಂದ್ರಿ," ಎಂದಳು. ವಕೀಲ ತಡವರಿಸಿ ನೀರು ಕುಡಿದ. ಹಿಂದಿನ ಬೆಂಚಿನಲ್ಲಿ ರೂಪೇಶ ತಲೆ ತಗ್ಗಿಸಿ ಕೂತಿದ್ದ.

"ನಿಮ್ಮ ವಕೀಲರೆಲ್ಲಿ?" ಎಂದರು ಸಾಹೇಬರು.

"ಅವರ ವಕೀಲರ ಸಾಕ್ರಿ. ಚಲೋ ಮಾತಾಡಾಕತ್ತಾರು."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನೀವು ಇವರ ತೋಟಕ್ಕೆ ವಿಷದ ಮಣ್ಣು ಹಾಕಿದ್ದು ನಿಜವೇನು?"

"ಖರೆ ಐತ್ರಿ. ಎಷ್ಟ ವಿಷ ಐತಿ ಅಂತ ಅವ್ರ ಕಾಗದದಾಗ ಐತ್ರಿ."

"ಆ ಮಣ್ಣು ಎಲ್ಲಿಂದ ತಂದಿರಿ?"

"ನನ್ನ ಹೊಲದಾಗಿಂದ್ರಿ. ಅಲ್ಲಿ ಆ ವಿಷಾ ತಂದ ಹಾಕಿದ್ದು ಸಾವ್ಕಾರ್ರ ಜೇಸಿಬಿ. ಟ್ಯಾಂಕರ್ ಈ ಹುಡುಗನ ಕಂಪನೀದು. ಇಪ್ಪತ್ತೊಂದ ಬುಟ್ಟಿಗೆ ನನ್ನ ಕರಸೀರಿ. ಇಪ್ಪತ್ತ ಗುಂಟೇಕ ಇವರನ್ನ ಯಾವಾಗ ಕರಸ್ತೀರಿ?"

ಅಣ್ಣಾಸಾಬ ವಕೀಲನ ಮುಖ ನೋಡಿದ, ವಕೀಲ ತನ್ನದೇ ಅರ್ಜಿಯನ್ನು ಮೊದಲ ಬಾರಿಗೆ ಓದುವವನಂತೆ ಓದತೊಡಗಿದ. ಸಾಹೇಬರು ಕಂಪನಿಯ ವರದಿಯನ್ನೂ ಅಣ್ಣಾಸಾಬನ ವರದಿಯನ್ನೂ ಅಕ್ಕಪಕ್ಕ ಇಟ್ಟರು. ಒಂದೇ ಮಣ್ಣು. ಒಂದರಲ್ಲಿ ಬಂಗಾರ, ಒಂದರಲ್ಲಿ ವಿಷ.

"ನಿಮಗೇನು ಬೇಕು?" ಎಂದರು ಕೊನೆಗೆ.

ಅವ್ವ ಬುಟ್ಟಿಗಳನ್ನು ಮೇಜಿನ ಮುಂದೆ ಇಟ್ಟಳು. "ಇಪ್ಪತ್ತೊಂದು ಕೊಟ್ಟಿದ್ನಿರಿ. ಒಂದು ಅನುಸೂಯಾಬಾಯಾರ ತುಂಬಿ ಕೊಟ್ರು. ಅದರಾಗ ಮೆಂತೆ ಹಾಕೇನಿ, ಚಿಗತೈತಿ. ಇವಿಷ್ಟೂ ಖಾಲಿ ಬಂದಾವು. ನಮ್ಮ ಕಡೆ ಹಂಗ ಕಳಸೂದಿಲ್ರಿ. ತುಂಬಿಸಿ ಕೊಡಸ್ರಿ."

"ಇಪ್ಪತ್ತು ಬುಟ್ಟಿ ಮಣ್ಣು. ಅಷ್ಟೇನಾ?"

"ಬುಟ್ಟಿ ಇಷ್ಟ ಸಾಕ್ರಿ. ಹೊಲಾ ತುಂಬೂತನಕ ತಿರುಗಿ ತಿರುಗಿ ತರಲಿ."

"ಯಾರು ತರಬೇಕಮ್ಮ?"

ಅವ್ವ ತಿರುಗಿ ಅಣ್ಣಾಸಾಬನನ್ನು ನೋಡಿದಳು. ಆಮೇಲೆ ರೂಪೇಶನನ್ನು ನೋಡಿದಳು. ಸೊಂಟಕ್ಕೆ ಸಿಗಿಸಿದ್ದ ಚೀಲದಿಂದ ಹಳೆಯ ಸೀರೆ ಹರಿದು ಹೊಸದಾಗಿ ಸುತ್ತಿದ ಎರಡು ಸಿಂಬಿ ತೆಗೆದು ಸಾಹೇಬರ ಮೇಜಿನ ಮೇಲಿಟ್ಟಳು.